ರಿಂಗು ಸವೆದಿದೆಯೋ, ಬೋರು ಸವೆದಿದೆಯೋ?

(ಬಂಗಾರಪೇಟೆ ತಾಲ್ಲೂಕಿನ ಕಲಿಕಾ ಕೇಂದ್ರವೊಂದರಲ್ಲಿ ಆಡಿದ ಮಾತು)



ಇಲ್ಲಿ ಗೋಣಿಚೀಲ ಹಾಸಿ ಒಂದು ಹಳೇ ಡೀಸೆಲ್ ಎಂಜಿನ್ನನ್ನು ಬಿಚ್ಚಿಟ್ಟಿದ್ದೇವೆ. ಇದು ನಿಮ್ಮ ಸಂಘದ್ದೇ ಎಂಜಿನ್. ಐದು ಎಚ್‌ಪಿ. ಕೃಷಿ ಹೊಂಡದಿಂದ ನೀರು ಎತ್ತಿ ಟೊಮ್ಯಾಟೊಗೆ ಬಿಡುತ್ತಿತ್ತು. ಕಪ್ಪಗಿದೆ, ಜಿಡ್ಡಾಗಿದೆ. ಹತ್ತಿರ ಬಂದು ಕೂತುಕೊಳ್ಳಿ. ಮುಟ್ಟಿ ನೋಡಿ. ಸೀರೆಗೆ ಮಸಿ ಆಗುತ್ತೆ, ಸೆರಗು ಸಿಕ್ಕಿಸಿಕೊಳ್ಳಿ.

ಹೋದ ವರ್ಷ ಈ ಎಂಜಿನ್ ಹೊಗೆ ಕಾರೋಕೆ ಶುರು ಮಾಡಿತು. ಒಂದು ಅಂಗಡಿಗೆ ಒಯ್ದಿರಿ. "ರಿಂಗು ಹೋಗಿದೆ, ರಿಂಗು ಹಾಕಿದ್ರೆ ಸಾಕು" ಅಂದರು. ಹಾಕಿಸಿದಿರಿ. ಕೆಲವು ತಿಂಗಳು ಓಡಿತು. ಮತ್ತೆ ಅದೇ ಹೊಗೆ. ಈಗ ಇನ್ನೊಬ್ಬರು, "ಇದು ಗುಜರಿಗೇ ಸೈ, ಹೊಸದು ತಗೊಳ್ಳಿ" ಅಂದಿದ್ದಾರೆ. ಎರಡು ಮಾತಿನಲ್ಲಿ ಯಾವುದು ನಿಜ? ಸಂಘದ ಉಳಿತಾಯದ ದುಡ್ಡು ಅದು. ವಾರ ವಾರ ಒಬ್ಬೊಬ್ಬರೂ ಕಟ್ಟಿದ್ದು. ಯಾರೋ ಹೇಳಿದರು ಅಂತ ಅದನ್ನು ಬಿಚ್ಚಿ ಕೊಡೋಕಾಗುತ್ತಾ? ಎಂಜಿನ್ ಒಳಗೆ ಏನಾಗಿದೆ ಅಂತ ನಾವೇ ಅಳೆದು ನೋಡಬಹುದು. ನಿಮಗೆ ಈಗ ಅಂಕಿ ಓದೋಕೆ ಬರುತ್ತೆ. ಅಷ್ಟು ಸಾಕು.

ಮೊದಲು ರಿಂಗು ಅಂದರೇನು, ನೋಡಿ.

ಕುಕ್ಕರ್ ಎಲ್ಲರ ಮನೆಯಲ್ಲೂ ಇದೆಯಲ್ಲ? ಅದರ ಮುಚ್ಚಳಕ್ಕೆ ಒಂದು ರಬ್ಬರ್ ಗ್ಯಾಸ್ಕೆಟ್ ಇದೆ. ರಬ್ಬರ್ ಸಡಿಲ ಆದರೆ ಏನಾಗುತ್ತೆ? ಆವಿ ಪಕ್ಕದಿಂದ ಬುಸ್ ಅಂತ ಹೋಗುತ್ತೆ. ವಿಷಲ್ ಬರೋದೇ ಇಲ್ಲ. ಬೇಳೆ ಬೇಯಲ್ಲ, ಗ್ಯಾಸ್ ದಂಡ. ಎಂಜಿನ್ನಿನಲ್ಲಿ ಈ ರಿಂಗು ಅದೇ ಕೆಲಸ ಮಾಡುತ್ತೆ. ಈ ಉದ್ದನೆ ಕೊಳವೆ ಇದೆಯಲ್ಲ, ಇದು ಸಿಲಿಂಡರ್. ಅದರ ಒಳಗಿನ ತೂತಿಗೆ ಬೋರು ಅಂತಾರೆ. ಈ ಲೋಟದ ಹಾಗೆ ಇರೋದು ಪಿಸ್ಟನ್. ಲೋಟವನ್ನು ಬೋರಲು ಹಾಕಿದ ಹಾಗೆ ಕೂತು, ಬೋರಿನೊಳಗೆ ಮೇಲೆ ಕೆಳಗೆ ಓಡಾಡುತ್ತೆ. ಪಿಸ್ಟನ್ನಿಗೂ ಬೋರಿಗೂ ನಡುವೆ ಕೂದಲೆಳೆಯಷ್ಟು ಸಂದಿ ಇರಲೇಬೇಕು. ಇಲ್ಲದಿದ್ದರೆ ಬಿಸಿಗೆ ಹಿಗ್ಗಿ ಹಿಡಿದುಕೊಂಡುಬಿಡುತ್ತೆ. ಆ ಸಂದಿ ಮುಚ್ಚೋದಕ್ಕೇ ಈ ಬಳೆಗಳು. ಇವೇ ರಿಂಗು.

ಮೇಲಿನ ರಿಂಗುಗಳು ಗಾಳಿ ತಡೆಯುತ್ತವೆ. ಕೆಳಗಿನದು ಆಯಿಲ್ ರಿಂಗು. ಅದು ಬೋರಿನ ಗೋಡೆಗೆ ಅಂಟಿದ ಎಣ್ಣೆಯನ್ನು ದೋಸೆ ಕಾವಲಿ ಒರೆಸಿದ ಹಾಗೆ ಒರೆಸಿ ಕೆಳಗೆ ಬಿಡುತ್ತೆ. ರಿಂಗಿಗೆ ಇನ್ನೂ ಒಂದು ಕೆಲಸ ಇದೆ. ಪಿಸ್ಟನ್ ತಲೆಯ ಬಿಸಿಯನ್ನು ಗೋಡೆಗೆ ದಾಟಿಸುತ್ತೆ. ಗೋಡೆಯ ಹಿಂದೆ ನೀರು ಇದೆ. ಅದು ಬಿಸಿಯನ್ನು ಹೊತ್ತುಕೊಂಡು ಹೋಗುತ್ತೆ.

ಡೀಸೆಲ್ ಎಂಜಿನ್ನಿಗೆ ಬೆಂಕಿಕಡ್ಡಿ ಇಲ್ಲ, ಪ್ಲಗ್ಗಿನ ಕಿಡಿಯೂ ಇಲ್ಲ. ಒಳಗೆ ಬಂದ ಗಾಳಿಯನ್ನು ಪಿಸ್ಟನ್ ಹದಿನಾರು ಹದಿನೇಳು ಪಾಲು ಹಿಂಡುತ್ತೆ. ಹಾಗೆ ಹಿಂಡಿದಾಗ ಗಾಳಿ ಕೆಂಡದಂತೆ ಕಾಯುತ್ತೆ. ಅದರ ಮೇಲೆ ಡೀಸೆಲ್ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತೆ. ರಿಂಗು ಗಾಳಿ ಬಿಟ್ಟುಕೊಟ್ಟರೆ ಅಷ್ಟು ಕಾವು ಬರೋದೇ ಇಲ್ಲ. ಬೆಳಿಗ್ಗೆ ಚಳಿಯಲ್ಲಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಸೋತರೂ ಎಂಜಿನ್ ಹಿಡಿಯೋದಿಲ್ಲ, ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಸವೆಯದೆ ಇರುತ್ತಾ?

ಒಂದು ಲೆಕ್ಕ ಹಾಕೋಣ. ಇಂಥ ಎಂಜಿನ್ನಿನಲ್ಲಿ ಪಿಸ್ಟನ್ ಒಂದು ಸಲ ಕೆಳಗೆ ಹೋದರೆ 110 ಮಿಲಿಮೀಟರ್, ಅಂದರೆ ಒಂದು ಗೇಣಿಗೆ ಕಡಿಮೆ. ಮೇಲೆ ಬಂದರೆ ಮತ್ತೆ 110. ನಿಮಿಷಕ್ಕೆ 1500 ಸಲ ಹೀಗೆ ಹೋಗಿ ಬರುತ್ತೆ. ಗುಣಿಸಿ ನೋಡಿ. ನಿಮಿಷಕ್ಕೆ 330 ಮೀಟರ್. ಗಂಟೆಗೆ ಸುಮಾರು 20 ಕಿಲೋಮೀಟರ್. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ದಾರಿ ಸುಮಾರು 16 ಕಿಲೋಮೀಟರ್. ನೀವು ಒಂದು ಗಂಟೆ ನೀರು ಬಿಟ್ಟರೆ ಈ ಪುಟ್ಟ ಬಳೆ ಗೋಡೆಗೆ ಉಜ್ಜಿಕೊಂಡು ಅಷ್ಟಕ್ಕಿಂತ ಜಾಸ್ತಿ ದೂರ ಓಡಿರುತ್ತೆ! ನಡುವೆ ಎಣ್ಣೆಯ ತೆಳು ಪೊರೆ ಇದೆ. ಅದರಿಂದ ವರ್ಷಗಟ್ಟಲೆ ಬಾಳುತ್ತೆ. ಆದರೆ ಎಣ್ಣೆಗೆ ಧೂಳು ಸೇರಿತೋ, ಮುಗಿಯಿತು.

ನಮ್ಮ ಕಡೆಯ ಧೂಳು ಸಾಮಾನ್ಯದ್ದಲ್ಲ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನು ನೋಡಿಲ್ಲದವರು ಇಲ್ಲಿ ಯಾರಿದ್ದೀರಿ? ನೂರಕ್ಕೂ ಹೆಚ್ಚು ವರ್ಷದ ಗಣಿ ಕೆಲಸದಲ್ಲಿ ಬಂಡೆ ತಂದು, ಹಿಟ್ಟಿನ ಹಾಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ತೆಗೆದು, ಉಳಿದ ಮರಳನ್ನು ಸುರಿದದ್ದು ಅದು. ಆ ಬಂಡೆಯಲ್ಲಿ ಬೆಣಚು ಕಲ್ಲು ಬಹಳ. ಬೆಣಚು ಕಬ್ಬಿಣಕ್ಕಿಂತ ಗಟ್ಟಿ. ಗಾಳಿ ಕಾಲದಲ್ಲಿ ಅದು ಎದ್ದು ಬಂದು ಮನೆ, ಅಡುಗೆ, ಬಟ್ಟೆ ಎಲ್ಲದರ ಮೇಲೂ ಕೂರುತ್ತೆ. ಕಲ್ಲಿನ ಧೂಳು ಉಸಿರಾಡಿ ಗಣಿಯಲ್ಲಿ ದುಡಿದ ಎಷ್ಟೋ ಜನರಿಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂತು. ಮನುಷ್ಯರ ಎದೆಯನ್ನೇ ತಿಂದ ಧೂಳು ಎಂಜಿನ್ನಿನ ಎದೆ ಬಿಡುತ್ತಾ? ಬೋರಿನೊಳಗೆ ಹೋದರೆ ಅದು ಸಾಣೆ ಕಲ್ಲಿನ ಪುಡಿಯ ಹಾಗೆ ತೇಯುತ್ತೆ. ಹೊಲದ ಕೆಂಪು ಮಣ್ಣಿನ ಧೂಳೂ ಕಡಿಮೆಯದ್ದಲ್ಲ. ಅದರಲ್ಲೂ ಮರಳಿನ ಕಣ ಇದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇವೆ. ಪಿಸ್ಟನ್, ರಿಂಗು ಈ ಊರುಗಳಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆ.ಜಿ.ಎಫ್.ಗೆ ಕರೆಂಟ್ ತಂದರು. ಅದಕ್ಕೂ ಮೊದಲು ಗಣಿಯಲ್ಲಿ ಎಲ್ಲ ಉಗಿ ಎಂಜಿನ್. ಅದರೊಳಗೂ ಪಿಸ್ಟನ್. ಆಮೇಲೂ ಗಣಿಯೊಳಗೆ ಕಲ್ಲು ಕೊರೆಯೋ ಮೆಷಿನ್‌ಗಳಿಗೆ ಗಾಳಿ ಒತ್ತೋ ಕಂಪ್ರೆಸರ್ ಇತ್ತು. ಅದಕ್ಕೂ ರಿಂಗು. 1964ರಲ್ಲಿ ಬೆಮೆಲ್ ಶುರುವಾಯಿತು. ಅಲ್ಲಿ ಬುಲ್ಡೋಜರ್ ಮಾಡಿದರು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಗಣಿಯಲ್ಲಿ ಫಿಟ್ಟರ್ ಆಗಿದ್ದವರ ಮಕ್ಕಳು ಎಷ್ಟೋ ಜನ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋಗಿ ದುಡಿಯುತ್ತಾರೆ. ಕೈಯ ವಿದ್ಯೆ ಇನ್ನೂ ಈ ಊರಿನಲ್ಲಿದೆ. ಆದರೆ ಅದು ಗಂಡಸರ ವಿದ್ಯೆ ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ಹೋಗಲಿ, ಈಗ ಎಂಜಿನ್ನಿಗೆ ಬರೋಣ.

ಹೊಗೆ ಏನು ಹೇಳುತ್ತೆ?

ಬಿಚ್ಚೋದಕ್ಕೆ ಮುಂಚೆ ನೋಡಬೇಕಾದ್ದು ಬಹಳ ಇದೆ. ಬಿಚ್ಚಿದರೆ ಗ್ಯಾಸ್ಕೆಟ್ ದುಡ್ಡು, ಕೂಲಿ ದುಡ್ಡು ಆಗಲೇ ಖರ್ಚಾಯಿತು. ಅದಕ್ಕೇ ಮೊದಲು ಕಣ್ಣು, ಕಿವಿ, ಕೈ.

ಒಲೆ ಮುಂದೆ ಕೂತವರಿಗೆ ಹೊಗೆಯ ಬಣ್ಣ ನಾವು ಹೇಳಿಕೊಡಬೇಕಾ? ಹಸಿ ಸೌದೆ ಹೊಗೆ ಬೇರೆ, ಎಣ್ಣೆ ಸುಟ್ಟ ಹೊಗೆ ಬೇರೆ. ಎಂಜಿನ್ ಕಪ್ಪು ಹೊಗೆ ಬಿಟ್ಟರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ ಅಂತ. ಗಾಳಿ ಫಿಲ್ಟರ್ ಕಟ್ಟಿರಬಹುದು, ನೊಜಲ್ ಕೆಟ್ಟಿರಬಹುದು. ಬಿಳಿ ಹೊಗೆ ಬಂದರೆ ಡೀಸೆಲ್ ಉರಿಯದೆ ಹಾಗೇ ಬರುತ್ತಿದೆ, ಇಲ್ಲಾ ಒಳಗೆ ನೀರು ಸೇರಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ನೀಲಿ ಹೊಗೆಗೆ ರಿಂಗಿನ ಮೇಲೆ ಅನುಮಾನ ಪಡಬೇಕು. ಆದರೆ ಆಗಲೇ ತೀರ್ಪು ಕೊಡಬಾರದು. ಎಣ್ಣೆ ತುಂಬೋ ಜಾತಿಯ ಗಾಳಿ ಫಿಲ್ಟರ್ ಇದ್ದರೆ, ಅದಕ್ಕೆ ಗೆರೆ ಮೀರಿ ಎಣ್ಣೆ ಹಾಕಿದರೂ ಎಂಜಿನ್ ಅದನ್ನು ಎಳೆದುಕೊಂಡು ನೀಲಿ ಹೊಗೆ ಬಿಡುತ್ತೆ. ಆಗ ಫಿಲ್ಟರಿನ ಎಣ್ಣೆ ಗೆರೆಗೆ ಇಳಿಸಿದರೆ ಸಾಕು. ದಮ್ಮಡಿ ಖರ್ಚಿಲ್ಲ.

ಎರಡನೆಯದು, ಎಂಜಿನ್ ಓಡುವಾಗ ಆಯಿಲ್ ಹಾಕೋ ಬಾಯಿ, ಇಲ್ಲಾ ಅದರ ಪಕ್ಕದ ಬ್ರೀದರ್ ನೋಡಿ. ಅಲ್ಲಿಂದ ಪುಸು ಪುಸು ಅಂತ ಹೊಗೆ ಬರುತ್ತಿದೆಯಾ? ಸ್ವಲ್ಪ ಬಂದರೆ ತಪ್ಪಿಲ್ಲ. ಒಲೆ ಊದಿದ ಹಾಗೆ ಜೋರಾಗಿ ಬಂದರೆ ಮೇಲಿನ ಗಾಳಿ ರಿಂಗು ದಾಟಿ ಕೆಳಗೆ ನುಗ್ಗುತ್ತಿದೆ.

ಮೂರನೆಯದು ಕೈಗೆ ಗೊತ್ತಾಗೋದು. ಎಂಜಿನ್ ಆಫ್ ಇರಲಿ. ಡೀಸೆಲ್ ಬಂದ್ ಮಾಡಿ. ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಗಟ್ಟಿಯಾಗಿ ತಡೆಯುತ್ತೆ. ಒಳ್ಳೇ ಎಂಜಿನ್ ಆದರೆ ಅಲ್ಲಿ ನಿಲ್ಲಿಸಿದಾಗ ಕೈಯನ್ನು ಹಿಂದಕ್ಕೆ ತಳ್ಳುತ್ತೆ, ಸೈಕಲ್ ಪಂಪಿನ ಬಾಯಿ ಬೆರಳಲ್ಲಿ ಮುಚ್ಚಿ ಒತ್ತಿದ ಹಾಗೆ. ಹೋದ ಎಂಜಿನ್ ಬುಸ್ ಅಂತ ಬಿಟ್ಟುಕೊಟ್ಟುಬಿಡುತ್ತೆ. ಆ ಬುಸ್ ಎಲ್ಲಿ ಕೇಳುತ್ತೆ? ಕಿವಿ ಕೊಡಿ. ಗಾಳಿ ಫಿಲ್ಟರ್ ಕಡೆ ಕೇಳಿದರೆ ಗಾಳಿ ಒಳಗೆ ಬರೋ ವಾಲ್ವು. ಸೈಲೆನ್ಸರ್ ಕಡೆ ಕೇಳಿದರೆ ಹೊಗೆ ಹೋಗೋ ವಾಲ್ವು. ಆಯಿಲ್ ಬಾಯಿಯಲ್ಲಿ ಕೇಳಿದರೆ ರಿಂಗು, ಬೋರು. ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಇನ್ನೂ ಅನುಮಾನ ಇದ್ದರೆ ಒಂದು ಹಳೇ ಉಪಾಯ ಇದೆ. ನೊಜಲ್ ಬಿಚ್ಚಿ ಆ ತೂತಿನಿಂದ ಒಂದೇ ಒಂದು ಚಿಕ್ಕ ಚಮಚ ಎಂಜಿನ್ ಆಯಿಲ್ ಬಿಡಿ. ನೊಜಲ್ ಮತ್ತೆ ಕೂರಿಸಿ, ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ. ಈಗ ತಡೆ ಬಿಗಿ ಆಯಿತಾ? ಹಾಗಾದರೆ ರಿಂಗಿನ ಸಂದಿಯನ್ನು ಎಣ್ಣೆ ಮುಚ್ಚಿದೆ. ತಪ್ಪು ರಿಂಗು, ಬೋರಿನದ್ದೇ. ಏನೂ ಬದಲಾಗಲಿಲ್ಲವಾ? ಹಾಗಾದರೆ ವಾಲ್ವು ನೋಡಿ, ರಿಂಗಿಗೆ ದುಡ್ಡು ಹಾಕಬೇಡಿ. ನೆನಪಿರಲಿ, ಚಮಚಕ್ಕಿಂತ ಹೆಚ್ಚು ಬಿಡಬಾರದು. ಪಿಸ್ಟನ್ ಮೇಲೆ ಬಂದಾಗ ಉಳಿಯೋ ಜಾಗ ಬಹಳ ಚಿಕ್ಕದು. ಎಣ್ಣೆ ತುಂಬಿದರೆ ಪಿಸ್ಟನ್ ಗುದ್ದಿ ರಾಡು ಬಗ್ಗುತ್ತೆ.

ಹೋದ ವಾರ ಇದನ್ನೆಲ್ಲ ಈ ಎಂಜಿನ್ನಿಗೆ ಮಾಡಿದೆವು. ನಿಮ್ಮಲ್ಲಿ ನಾಲ್ಕು ಜನ ಇದ್ದಿರಿ. ನೀಲಿ ಹೊಗೆ. ಬ್ರೀದರಿನಲ್ಲಿ ಜೋರು ಉಸಿರು. ಎಣ್ಣೆ ಬಿಟ್ಟ ಮೇಲೆ ಹ್ಯಾಂಡಲ್ ಬಿಗಿ. ಆಮೇಲೇ ಬಿಚ್ಚಿದ್ದು.

ಬಿಚ್ಚಿದಾಗ ಕಂಡದ್ದು

ಈ ಬೋರಿನ ಒಳಗೆ ಬೆರಳು ಹಾಕಿ. ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ತುದಿಗೆ ಬರುವಾಗ ಟಕ್ ಅಂತ ತಡೆಯಿತಾ? ಅಲ್ಲೊಂದು ಮೆಟ್ಟಿಲು ಇದೆ. ಮೇಲಿನ ರಿಂಗು ಎಲ್ಲಿಯ ತನಕ ಬಂದು ತಿರುಗುತ್ತೋ ಅಲ್ಲಿ ಬೋರು ಎಲ್ಲಕ್ಕಿಂತ ಜಾಸ್ತಿ ಸವೆಯುತ್ತೆ. ಬೆಂಕಿ ಅಲ್ಲೇ, ಎಣ್ಣೆ ಅಲ್ಲಿ ಕಮ್ಮಿ, ಪಿಸ್ಟನ್ ಒಂದು ಗಳಿಗೆ ಅಲ್ಲಿ ನಿಂತು ತಿರುಗುತ್ತೆ. ಅದಕ್ಕೂ ಮೇಲೆ ರಿಂಗು ಹೋಗೋದಿಲ್ಲ. ಅಲ್ಲಿ ಹಳೇ ಅಳತೆಯೇ ಉಳಿಯುತ್ತೆ. ಸವೆದ ಜಾಗಕ್ಕೂ ಸವೆಯದ ಜಾಗಕ್ಕೂ ನಡುವೆ ಆದದ್ದೇ ಈ ಮೆಟ್ಟಿಲು. ಮನೆ ಹೊಸ್ತಿಲು ಕಾಲು ತುಳಿದು ತುಳಿದು ನಡುವೆ ತಗ್ಗಾಗುತ್ತಲ್ಲ, ಹಾಗೆ.

ಈಗ ಈ ಮೇಲಿನ ರಿಂಗು ನೋಡಿ. ಎರಡು ತುಂಡಾಗಿದೆ! ಹೋದ ವರ್ಷ ಹಾಕಿದ ಹೊಸ ರಿಂಗು. ಯಾಕೆ ಮುರಿಯಿತು? ಹಳೇ ರಿಂಗಿನ ಅಂಚು ಮೆಟ್ಟಿಲಿನ ಆಕಾರಕ್ಕೇ ಉರುಟಾಗಿ ಸವೆದಿತ್ತು. ಹೊಸದರ ಅಂಚು ಚೂಪು. ಅದು ಮೇಲೆ ಬಂದಾಗಲೆಲ್ಲ ಮೆಟ್ಟಿಲಿಗೆ ಡಿಕ್ಕಿ ಹೊಡೆದಿದೆ. ನಿಮಿಷಕ್ಕೆ 1500 ಸಲ. ಎಷ್ಟು ದಿನ ತಡೆಯುತ್ತೆ? ಮುರಿದ ತುಂಡು ಬೋರಿಗೆ ಗೀರು ಹಾಕಿದೆ. ಇಲ್ಲಿ ಉದ್ದಕ್ಕೆ ಗೆರೆ ಕಾಣುತ್ತಲ್ಲ, ಅದೇ. ಮೆಟ್ಟಿಲು ನೋಡದೆ ಬರೀ ರಿಂಗು ಹಾಕಿದರೆ ಹೀಗಾಗುತ್ತೆ. ರಿಂಗಿನ ದುಡ್ಡು ಹೋಯಿತು, ಬೋರೂ ಹೋಯಿತು.

ಪಿಸ್ಟನ್ ಮೈಯಲ್ಲಿ ರಿಂಗು ಕೂರೋ ಗೀಟುಗಳಿವೆ. ಗ್ರೂವ್ ಅಂತಾರೆ. ಅದರ ತುಂಬ ಗಟ್ಟಿ ಮಸಿ. ಕೆಲವು ಎಂಜಿನ್ನಿನಲ್ಲಿ ರಿಂಗು ಸವೆದೇ ಇರೋದಿಲ್ಲ, ಈ ಮಸಿಯಲ್ಲಿ ಅಂಟಿಕೊಂಡು ಅಲ್ಲಾಡದೆ ಕೂತಿರುತ್ತೆ. ಅದನ್ನು ಬಿಡಿಸಿ, ಗ್ರೂವ್ ತೊಳೆದು, ಹೊಸ ರಿಂಗು ಹಾಕಿದರೆ ಎಂಜಿನ್ ಸರಿಹೋಗುತ್ತೆ. ಮಸಿ ಕೆರೆಯೋಕೆ ಮುರಿದ ರಿಂಗಿನ ತುಂಡೇ ಒಳ್ಳೆಯ ಸಾಧನ. ಗ್ರೂವಿನ ಅಲ್ಯೂಮಿನಿಯಂ ಕೆರೆದು ಹೋಗದ ಹಾಗೆ ಹಗೂರಕ್ಕೆ.

ಅಳೆಯೋಣ ಬನ್ನಿ

ಕಣ್ಣಳತೆ ಇಲ್ಲಿ ಸಾಲದು. ಇದು ಫೀಲರ್ ಗೇಜ್. ಎಲೆ ಎಲೆಯಾಗಿ ಬಿಚ್ಚಿಕೊಳ್ಳುತ್ತೆ, ಬೀಸಣಿಗೆ ಹಾಗೆ. ಒಂದೊಂದು ಎಲೆ ಮೇಲೂ ಅಂಕಿ ಇದೆ. ಓದಿ. 0.05, 0.10, 0.30. ಹೆದರಬೇಡಿ. ಒಂದು ಮಿಲಿಮೀಟರನ್ನು ಒಂದು ರೂಪಾಯಿ ಅಂತ ಇಟ್ಟುಕೊಳ್ಳಿ. 0.30 ಅಂದರೆ ಮೂವತ್ತು ಪೈಸೆ. 0.05 ಐದು ಪೈಸೆ. 1.25 ಅಂದರೆ ಒಂದೂಕಾಲು ರೂಪಾಯಿ. ಪೈಸೆ ಲೆಕ್ಕದಲ್ಲಿ ನಿಮ್ಮನ್ನು ಯಾರೂ ಮೋಸ ಮಾಡೋಕಾಗಲ್ಲ. ಹಾಗೇ ಇದು.

ರಿಂಗು ಪೂರ್ತಿ ಸುತ್ತು ಮುಚ್ಚಿದ ಬಳೆ ಅಲ್ಲ. ಒಂದು ಕಡೆ ಬಾಯಿ ಇದೆ. ಬೋರಿನೊಳಗೆ ಕೂತಾಗ ಆ ಬಾಯಿ ಎಷ್ಟು ತೆರೆದಿದೆ ಅನ್ನೋದೇ ನಮ್ಮ ಅಳತೆ. ಸಾಮಾನ್ಯವಾಗಿ ಬೋರು 100 ಮಿಲಿಮೀಟರ್ ಅಗಲ ಇದ್ದರೆ ಹೊಸ ರಿಂಗಿನ ಬಾಯಿ 0.30ರಿಂದ 0.40 ಇರಬೇಕು. ನಮ್ಮ ಬೋರು 80. ಹಾಗಾದರೆ ಕಾಲು ಮಿಲಿಮೀಟರಿನಿಂದ 0.32ರ ತನಕ. ಬಾಯಿ ಪೂರ್ತಿ ಮುಚ್ಚಿಕೊಂಡರೂ ಕಷ್ಟ. ಬಿಸಿಗೆ ಹಿಗ್ಗಿದಾಗ ತುದಿಗೆ ತುದಿ ಗುದ್ದಿ ಮುರಿಯುತ್ತೆ. ಕಂಪನಿಯ ಪುಸ್ತಕದಲ್ಲಿ ಆಯಾ ಎಂಜಿನ್ನಿನ ಅಂಕಿ ಬರೆದಿರುತ್ತೆ. ಪುಸ್ತಕ ಇದ್ದರೆ ಅದರ ಮಾತೇ ಕೊನೆ ಮಾತು.

ರಿಂಗನ್ನು ಬೋರಿಗೆ ಬಿಟ್ಟು, ಪಿಸ್ಟನ್ ತಲೆಯಿಂದ ಒತ್ತಿ ಕೆಳಗೆ ಇಳಿಸಿ. ಆಗ ಸೊಟ್ಟ ಕೂರೋದಿಲ್ಲ. ಬೋರಿನ ತಳಭಾಗಕ್ಕೆ ಒಯ್ಯಿರಿ. ಅಲ್ಲಿ ಸವೆತ ಬಹಳ ಕಮ್ಮಿ. ಮೊದಲು ಹಳೇ ಎರಡನೇ ರಿಂಗು ಹಾಕಿದೆವು. ಬಾಯಿಗೆ ಎಲೆ ತೂರಿಸಿ ನೋಡಿದರೆ 0.85. ಅದನ್ನು ತೆಗೆದು, ಅದೇ ಜಾಗಕ್ಕೆ ಹೊಸ ಎರಡನೇ ರಿಂಗು ಹಾಕಿದೆವು. 0.30. ಗೋಡೆ ಅದೇ, ಬಳೆ ಬೇರೆ. ಹಾಗಾದರೆ ಈ 55 ಪೈಸೆ ವ್ಯತ್ಯಾಸ ಯಾರದ್ದು? ರಿಂಗಿನದ್ದು. ರಿಂಗು ಸವೆದಿದೆ.

ಇನ್ನು ಬೋರು. ಈಗ ಹೊಸ ರಿಂಗನ್ನೇ ಮೇಲಕ್ಕೆ ತನ್ನಿ, ಆ ಮೆಟ್ಟಿಲಿನ ಸ್ವಲ್ಪ ಕೆಳಗೆ. ಅಳೆಯಿರಿ. 1.00 ಎಲೆ ಹೋಯಿತು. ಅದರ ಜೊತೆ 0.25 ಎಲೆ ಸೇರಿಸಿದರೂ ಹೋಯಿತು. 1.25! ಬಳೆ ಅದೇ, ಗೋಡೆ ಬೇರೆ. ಕೆಳಗೆ 0.30, ಮೇಲೆ 1.25. ಕಳೆದರೆ 0.95. ಈ ವ್ಯತ್ಯಾಸ ಬೋರಿನದ್ದು.

ಹಾಗಂತ ಬೋರು 0.95 ಅಗಲ ಆಗಿದೆ ಅಂತಲ್ಲ. ಬಳೆ ಅಂಗಡಿಗೆ ಬನ್ನಿ. ಎರಡು ನಾಲ್ಕರ ಬಳೆ, ಎರಡು ಆರರ ಬಳೆ ಅಂತ ಕೇಳ್ತೀರಲ್ಲ, ಅದು ಬಳೆಯ ಅಡ್ಡಗಲ. ಬಳೆಯನ್ನು ಕತ್ತರಿಸಿ ನೇರ ಮಾಡಿದರೆ ಉದ್ದ ಅದರ ಮೂರು ಪಾಲಿಗಿಂತ ಚೂರು ಹೆಚ್ಚು. ಸುತ್ತಳತೆ ಬೆಳೆದಷ್ಟು ಅಗಲ ಬೆಳೆಯೋದಿಲ್ಲ, ಅದರ ಮೂರರಲ್ಲಿ ಒಂದು ಪಾಲು ಬೆಳೆಯುತ್ತೆ. ಸರಿಯಾಗಿ ಹೇಳಿದರೆ 3.14ರಿಂದ ಭಾಗಿಸಬೇಕು. 95 ಪೈಸೆ ಭಾಗ ಮೂರು ಚಿಲ್ಲರೆ. ಸುಮಾರು 30 ಪೈಸೆ. ಈ ಬೋರು ಮೇಲಿನ ಭಾಗದಲ್ಲಿ 0.30 ಮಿಲಿಮೀಟರ್ ಅಗಲ ಆಗಿದೆ. ಹೊಸ ರಿಂಗು ಹಾಕಿದರೂ ಅದರ ಬಾಯಿ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ತೆರೆದಿರುತ್ತೆ. ಮತ್ತೆ ಬರೀ ರಿಂಗು ಹಾಕಿಸಬಾರದು ಅನ್ನೋದು ಇದರಿಂದ ತೀರ್ಮಾನ ಆಯಿತು.

ಲೇತ್ ಅಂಗಡಿಯವರ ಹತ್ತಿರ ಬೋರ್ ಗೇಜ್, ಮೈಕ್ರೋಮೀಟರ್ ಇರುತ್ತೆ. ಅವರು ಮೇಲೆ, ನಡುವೆ, ಕೆಳಗೆ, ಒಂದೊಂದು ಕಡೆ ಎರಡು ದಿಕ್ಕಿಗೆ ಅಳೆಯುತ್ತಾರೆ. ಬೋರು ಗುಂಡಗೆ ಸವೆಯೋದಿಲ್ಲ. ಪಿಸ್ಟನ್ ಒತ್ತೋ ದಿಕ್ಕಿಗೆ ಜಾಸ್ತಿ ಸವೆದು ಮೊಟ್ಟೆ ಆಕಾರ ಆಗುತ್ತೆ. ರಿಂಗಿನ ಅಳತೆಗೆ ಅದು ಕಾಣಿಸೋದಿಲ್ಲ. ಅದಕ್ಕೇ ಅವರ ಆರು ಅಂಕಿಗಳನ್ನೂ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. "ನೋಡಿದ್ವಿ, ಹೋಗಿದೆ" ಅಂತ ಬಾಯಲ್ಲಿ ಹೇಳಿದರೆ ಸಾಲದು.

ಇನ್ನು ಪಿಸ್ಟನ್. ತೊಳೆದ ಗ್ರೂವಿಗೆ ಹೊಸ ರಿಂಗಿನ ಅಂಚು ಕೂರಿಸಿ, ಪಕ್ಕದ ಸಂದಿಗೆ ಎಲೆ ತೂರಿಸಿ. ಹೊಸ ಪಿಸ್ಟನ್ ಆದರೆ 0.05, 0.10 ಅಷ್ಟೇ ಇರುತ್ತೆ. ಬಹಳ ಎಂಜಿನ್‌ಗಳಲ್ಲಿ 0.15 ದಾಟಿದರೆ ಪಿಸ್ಟನ್ ಬಿಡಬೇಕು. ಇಲ್ಲಿ 0.20 ಎಲೆ ಸಲೀಸಾಗಿ ಹೋಗುತ್ತೆ. ಸಂದಿ ಹೆಚ್ಚಾದರೆ ರಿಂಗು ಗ್ರೂವಿನೊಳಗೆ ಮೇಲೆ ಕೆಳಗೆ ಕುಣಿದು, ಎಣ್ಣೆಯನ್ನು ಪಂಪಿನ ಹಾಗೆ ಮೇಲಕ್ಕೆ ಎತ್ತುತ್ತೆ. ಪಿಸ್ಟನ್ನಿನ ಕೆಳಭಾಗಕ್ಕೆ ಸ್ಕರ್ಟ್ ಅಂತಾರೆ. ನಮ್ಮ ಲಂಗದ ಹಾಗೆ. ಅದರ ಮೇಲೂ ಉಜ್ಜಿದ ಗುರುತು ಇದೆ, ನೋಡಿ. ಈ ಪಿಸ್ಟನ್ ಮುಗಿಯಿತು.

ಹಾಗಾದರೆ ಎಂಜಿನ್ ಗುಜರಿಗಾ?

ಅಲ್ಲ. ರಾಡು ನೆಟ್ಟಗಿದೆ. ಕ್ರ್ಯಾಂಕು ಗೀರಿಲ್ಲ. ಬ್ಲಾಕು ಸೀಳಿಲ್ಲ. ಸವೆದಿರೋದು ರಿಂಗು, ಪಿಸ್ಟನ್, ಬೋರು. ಮೂರೂ ಸರಿ ಮಾಡಬಹುದು.

ಕೆಲವು ಎಂಜಿನ್ನಿನಲ್ಲಿ ಬೋರಿಗೆ ಬೇರೆ ಕೊಳವೆ ಕೂರಿಸಿರುತ್ತಾರೆ. ಲೈನರ್ ಅಂತಾರೆ, ಸ್ಲೀವ್ ಅಂತಲೂ ಅಂತಾರೆ. ಅದನ್ನು ತೆಗೆದು ಹೊಸದು ಹಾಕಬಹುದು. ಇನ್ನು ಕೆಲವನ್ನು ಲೇತ್ ಅಂಗಡಿಯಲ್ಲಿ ಕೊರೆಸಿ, ಅಗಲ ಮಾಡಿಸಿ, ಅಗಲಕ್ಕೆ ತಕ್ಕ ದಪ್ಪ ಪಿಸ್ಟನ್ ಹಾಕಬೇಕು. ಇದು ಕೊರೆಸೋ ಜಾತಿ. ದಪ್ಪ ಪಿಸ್ಟನ್ ಬಳೆಯ ಹಾಗೇ ನಂಬರಿನಲ್ಲಿ ಬರುತ್ತೆ. 0.25, 0.50, 0.75, 1.00. ಅಂಗಡಿಯವರು ಇದನ್ನು ಹತ್ತು ತೌ, ಇಪ್ಪತ್ತು ತೌ, ಮೂವತ್ತು, ನಲವತ್ತು ತೌ ಅಂತಾರೆ. ಅದು ಹಳೇ ಇಂಚಿನ ಲೆಕ್ಕ. ಇಪ್ಪತ್ತು ತೌ ಅಂದರೆ ಅರ್ಧ ಮಿಲಿಮೀಟರ್ ಅನ್ನಿ.

ಈಗ ನೀವೇ ಹೇಳಿ. ಬೋರು 0.30 ಸವೆದಿದೆ. ಯಾವ ನಂಬರ್ ತರಬೇಕು? 0.25 ಸಾಲುತ್ತಾ? ಸಾಲದು. ಕೊರೆದರೂ ಸವೆದ ಗುರುತು, ಗೀರು ಹಾಗೇ ಉಳಿಯುತ್ತೆ. 0.50 ಬೇಕು. ಅಂಗಡಿಯಲ್ಲಿ 0.50 ಇಲ್ಲ, 0.75 ಇದೆ, ಅದನ್ನೇ ಹಾಕ್ತೀವಿ ಅಂದರೆ? ಒಪ್ಪಬೇಡಿ. ಕೊರೆಯೋಕೆ ಇರೋದೇ ಇಷ್ಟು ಸಲ. ಸುಮ್ಮಸುಮ್ಮನೆ ಒಂದು ನಂಬರ್ ಹಾರಿದರೆ ಎಂಜಿನ್ನಿನ ಆಯಸ್ಸಿನಲ್ಲಿ ಒಂದು ಪಾಲು ಕಳೆದ ಹಾಗೆ. ಎರಡು ದಿನ ಕಾದು 0.50 ತರಿಸಿ.

ಪಿಸ್ಟನ್ ಮೊದಲು ಕೊಳ್ಳಿ, ಆಮೇಲೆ ಕೊರೆಸಿ. ಆ ಪಿಸ್ಟನ್ನಿನ ಅಳತೆ ನೋಡಿಕೊಂಡು ಕೊರೆಯೋದು ಸರಿಯಾದ ಪದ್ಧತಿ. ಕೊರೆದ ಮೇಲೆ ಹೋನಿಂಗ್ ಮಾಡಲೇಬೇಕು. ಬೀಸೋ ಕಲ್ಲು ನುಣ್ಣಗಾದರೆ ಉಳಿ ಹೊಡೆಸ್ತೀವಲ್ಲ, ಹಾಗೆ. ಗೋಡೆ ಕನ್ನಡಿಯ ಹಾಗೆ ನುಣ್ಣಗಿದ್ದರೆ ಎಣ್ಣೆ ನಿಲ್ಲೋದಿಲ್ಲ, ಹೊಸ ರಿಂಗು ಹೊಂದಿಕೊಳ್ಳೋದೂ ಇಲ್ಲ. ಹೋನಿಂಗ್ ಆದ ಬೋರಿನಲ್ಲಿ ಚಾಪೆ ನೇಯ್ಗೆಯ ಹಾಗೆ ಅಡ್ಡಡ್ಡ ಸಣ್ಣ ಗೆರೆ ಕಾಣಬೇಕು. ಆ ಮೇಲೆ ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಬಿಳಿ ಬಟ್ಟೆ ಹಾಕಿ ಒರೆಸಿದರೆ ಬಟ್ಟೆ ಕಪ್ಪಾಗಬಾರದು. ಈ ಕೆಲಸ ಮೆಕಾನಿಕ್‌ಗಳು ಅವಸರದಲ್ಲಿ ಬಿಡ್ತಾರೆ. ಪಾತ್ರೆ ತೊಳೆದ ಕೈ ನಮ್ಮದು, ನಾವು ಬಿಡಬಾರದು. ತೊಳೆದು ಒರೆಸಿದ ತಕ್ಷಣ ಎಣ್ಣೆ ಸವರಿ. ಇಲ್ಲದಿದ್ದರೆ ಒಂದು ರಾತ್ರಿಗೇ ತುಕ್ಕು ಹಿಡಿಯುತ್ತೆ.

ಪೊಟ್ಟಣದ ಮೇಲಿನ ಅಂಕಿ, ಪಿಸ್ಟನ್ ತಲೆ ಮೇಲೆ ಒತ್ತಿರೋ ಅಂಕಿ, ಬಿಲ್ಲಿನಲ್ಲಿ ಬರೆದ ಅಂಕಿ, ಮೂರೂ ಒಂದೇ ಇರಬೇಕು. ಪಿಸ್ಟನ್ 0.50 ಇದ್ದು ರಿಂಗು 0.25 ಬಂದರೆ ವಾಪಸ್ ಮಾಡಿ. ರಿಂಗಿನ ಒಂದು ಮಗ್ಗುಲಲ್ಲಿ ಮೂರು ಇಂಗ್ಲಿಷ್ ಅಕ್ಷರ ಇರಬಹುದು. ಮೊದಲನೆಯದು ಕಂಬದ ಮೇಲೆ ಅಡ್ಡ ತೊಲೆ ಇಟ್ಟ ಹಾಗೆ. ಎರಡನೆಯದು ಸೊನ್ನೆ ಹಾಗೆ. ಮೂರನೆಯದು ಕೋಲಿನ ತುದಿಗೆ ಬಾವುಟ ಕಟ್ಟಿದ ಹಾಗೆ. ಟಾಪ್ ಅಂತ ಓದಬೇಕು. ಆ ಮಗ್ಗುಲು ಮೇಲಕ್ಕೆ ಬರಬೇಕು. ತಿರುವು ಮುರುವು ಹಾಕಿದರೆ ಎಣ್ಣೆ ಕೆಳಗೆ ಒರೆಸೋ ಬದಲು ಮೇಲಕ್ಕೆ ಎಳೆಯುತ್ತೆ. ಎಲ್ಲ ರಿಂಗಿನ ಬಾಯಿಯನ್ನೂ ಒಂದೇ ನೇರಕ್ಕೆ ನಿಲ್ಲಿಸಬೇಡಿ. ಬಾಗಿಲಿಗೆ ಎದುರು ಬಾಗಿಲು ಇದ್ದರೆ ಗಾಳಿ ನೇರ ನುಗ್ಗುತ್ತಲ್ಲ. ಒಂದೊಂದನ್ನು ಒಂದೊಂದು ದಿಕ್ಕಿಗೆ ತಿರುಗಿಸಿ. ಹಳೇ ಸಾಮಾನನ್ನೆಲ್ಲ ಅಂಗಡಿಯಿಂದ ವಾಪಸ್ ಕೇಳಿ ತನ್ನಿ. ಅದು ನಿಮ್ಮದು.

ಒಂದು ಅಜ್ಜಿ ಆಗಲೇ ಕೇಳಿದರು, "ಇಷ್ಟೆಲ್ಲ ಮಾಡಿದ್ರೂ ಮತ್ತೆ ಸವೀತದೆ ಅಲ್ವೇನಮ್ಮ? ಮೊದ್ಲು ಸವೆದಿದ್ದು ಯಾಕೆ ಅಂತ ನೋಡಿದ್ರಾ?" ಅಂತ. ಒಳ್ಳೇ ಪ್ರಶ್ನೆ ಅಜ್ಜಿ. ನೋಡಿದ್ದೇವೆ. ಇದು ಗಾಳಿ ಫಿಲ್ಟರಿನಿಂದ ಎಂಜಿನ್ನಿಗೆ ಹೋಗೋ ರಬ್ಬರ್ ಪೈಪು. ಮಡಿಸಿದರೆ ಕೆಳಗಡೆ ಸೀಳು ಕಾಣುತ್ತೆ. ಮೇಲೆ ಬಟ್ಟೆ ಸುತ್ತಿ ಕಟ್ಟಿದ್ದರು. ಫಿಲ್ಟರ್ ಎಷ್ಟು ಚೆನ್ನಾಗಿದ್ದರೇನು, ಧೂಳು ಈ ಸೀಳಿನಿಂದ ಹೋಗಿದೆ. ಒಂದೇ ವರ್ಷಕ್ಕೆ ಹೊಸ ರಿಂಗು ತೇದದ್ದು ಅದಕ್ಕೇ. ಪೈಪು ಬದಲಿಸದೆ ಪಿಸ್ಟನ್ ಹಾಕಿದರೆ ಇನ್ನೊಂದು ವರ್ಷಕ್ಕೆ ಇಲ್ಲೇ ಇದೇ ಗೋಣಿಚೀಲ ಹಾಸಬೇಕಾಗುತ್ತೆ. ಇಷ್ಟೂ ಸಾಮಾನಿನಲ್ಲಿ ಎಲ್ಲಕ್ಕಿಂತ ಅಗ್ಗ ಈ ಪೈಪು.

ಎಂಜಿನ್ ಕೂಡಿಸಿದ ಮೇಲೆ ಮೊದಲ ದಿನಗಳಲ್ಲಿ ಪೂರ್ತಿ ಭಾರ ಹಾಕಬೇಡಿ. ಹಾಗಂತ ಗಂಟೆಗಟ್ಟಲೆ ಬರೀ ಓಡಿಸಲೂ ಬೇಡಿ. ಸ್ವಲ್ಪ ಭಾರ ಇದ್ದರೇ ರಿಂಗು ಗೋಡೆಗೆ ಹೊಂದಿಕೊಳ್ಳೋದು. ಅರ್ಧ ಭಾರ, ನಡುನಡುವೆ ವಿರಾಮ. ಮೊದಲು ಹಾಕಿದ ಆಯಿಲ್ ಬೇಗ ಬದಲಿಸಿ, ಅದರಲ್ಲಿ ಹೊಸ ಲೋಹದ ಪುಡಿ ಇರುತ್ತೆ. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ ಓಡಿಸಬೇಡಿ. ಅದರ ಹೊಗೆ ವಾಸನೆ ಕಾಣದಷ್ಟು ಇದ್ದರೂ ಉಸಿರು ಕಟ್ಟಿಸುತ್ತೆ. ಬೆಲ್ಟಿನ ಹತ್ತಿರ ಹೋಗುವಾಗ ಸೆರಗು, ಜಡೆ ಕಟ್ಟಿಕೊಂಡೇ ಹೋಗಿ.

ಇವತ್ತು ಬರೆದುಕೊಂಡ ಅಂಕಿಗಳು ಸಂಘದ ಪುಸ್ತಕದಲ್ಲಿ ಇರಲಿ. ತಾರೀಕು ಹಾಕಿ. ಹಳೇ ರಿಂಗು ಕೆಳಗೆ 0.85. ಹೊಸ ರಿಂಗು ಕೆಳಗೆ 0.30, ಮೇಲೆ 1.25. ಗ್ರೂವ್ 0.20. ಅದರ ಕೆಳಗೆ ಖಾಲಿ ಗೆರೆ ಬಿಡಿ, ಲೇತ್ ಅಂಗಡಿಯ ಆರು ಅಂಕಿಗೆ. ಎಂಜಿನ್ ಓಡಿದ ಗಂಟೆ, ಹಾಕಿದ ಡೀಸೆಲ್, ಸೇರಿಸಿದ ಆಯಿಲ್ ದಿನಾ ಬರೆಯೋಕೆ ಇನ್ನೊಂದು ಪುಟ ಗೀಟು ಹಾಕಿಕೊಳ್ಳಿ. ಆಯಿಲ್ ಅಂಕಿ ಏರುತ್ತಾ ಬಂದರೆ ಹೊಗೆ ಕಾಣೋದಕ್ಕೆ ಮುಂಚೆಯೇ ನಿಮಗೆ ಗೊತ್ತಾಗುತ್ತೆ.

ಸೋಮವಾರ ಲೇತ್ ಅಂಗಡಿಗೆ ಬೋರು ಹೊರೋಕೆ ಇಬ್ಬರು ಬೇಕು. ಚೀಟಿ ಓದೋಕೆ ಒಬ್ಬರು. ಯಾರು ಬರ್ತೀರಿ, ಕೈ ಎತ್ತಿ.